ಕುಡಿಯುವ ನೀರು, ಬ್ಲೀಚಿಂಗ್ ಪುಡಿ ಮತ್ತು ಪರೀಕ್ಷೆಯ ಮಾತು

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)





1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಊರೂರಿಗೆ ಹಬ್ಬಿ ನಮ್ಮ ಹಳ್ಳಿಗೂ ಬಂದಿತು. ಆ ದೀಪಕ್ಕೆ ಎಣ್ಣೆ ಹಾಕುತ್ತ ನಮ್ಮ ಸಂಘ ಇಪ್ಪತ್ತೈದು ವರ್ಷ ದಾಟಿದೆ. ಇಂಥ ದಿನ ಹಾಲು, ಬೋನಸ್ಸು, ಕಟ್ಟಡ ಇವುಗಳ ಮಾತು ಆಡುವುದು ಪದ್ಧತಿ. ನಮಗಿಂತ ಮೊದಲು ಮಾತಾಡಿದ ಹಿರಿಯರು ಅದನ್ನೆಲ್ಲ ಚೆನ್ನಾಗಿ ಹೇಳಿದ್ದಾರೆ. ನಾವು ಆರಿಸಿಕೊಂಡ ವಿಷಯ ಬೇರೆ: ಕುಡಿಯುವ ನೀರು ಮತ್ತು ಅದರ ಪರೀಕ್ಷೆ.

ಹಾಲಿನ ಸಂಘದವರಿಗೆ ನೀರಿನ ಉಸಾಬರಿ ಯಾಕೆ, ಹಾಲಿಗೆ ನೀರು ಬೆರೆಸುವವರು ಆ ವಿಚಾರ ನೋಡಿಕೊಳ್ಳಲಿ ಅಂತ ಯಾರಾದರೂ ನಗಬಹುದು. ನಗ್ರಿ, ಅಡ್ಡಿಯಿಲ್ಲ. ಆದರೆ ಒಂದು ಮಾತು ಯೋಚನೆ ಮಾಡ್ರಿ. ದಿನಕ್ಕೆ ಎರಡು ಹೊತ್ತು ನಾವು ಸಂಘಕ್ಕೆ ತರುವ ಹಾಲಿಗೆ ಡಿಗ್ರಿ ನೋಡುತ್ತೇವೆ, ಫ್ಯಾಟ್ ನೋಡುತ್ತೇವೆ, ಚೀಟಿ ಕೊಡುತ್ತೇವೆ. ಅರ್ಧ ಪಾಯಿಂಟ್ ಹೆಚ್ಚುಕಡಿಮೆ ಆದರೆ ಜಗಳಕ್ಕೇ ನಿಲ್ಲುತ್ತೇವೆ. ಊರ ಹೊರಗೆ ಹೋಗುವ ಹಾಲಿಗೆ ಇಷ್ಟು ಪರೀಕ್ಷೆ. ನಮ್ಮ ಮನೆಯ ಹರವಿಗೆ ಬರುವ ನೀರಿಗೆ? ಬಣ್ಣ ನೋಡುತ್ತೇವೆ, ಮೂಸಿ ನೋಡುತ್ತೇವೆ, ಮುಗೀತು. ಅದೂ ಅಲ್ಲದೆ ಹಾಲಿನ ಕ್ಯಾನು ತೊಳೆಯುವುದು, ಎಮ್ಮೆಯ ಕೆಚ್ಚಲು ತೊಳೆಯುವುದು ಇದೇ ನೀರಿನಿಂದ. ನೀರು ಕೆಟ್ಟರೆ ಹಾಲೂ ಕೆಟ್ಟಿತು.

ಈ ವಿಷಯ ಇವತ್ತೇ ಆಡಬೇಕಾದದ್ದಕ್ಕೆ ಇನ್ನೊಂದು ಕಾರಣ ಇದೆ. ಊರಲ್ಲಿ ಈಗ ಒಂದು ಮಾತು ಎದ್ದಿದೆ. "ನಳದ ನೀರು ಬ್ಲೀಚಿಂಗ್ ವಾಸನೆ ಹೊಡೀತದ, ಚಹಾದ ರುಚಿ ಕೆಡ್ತದ. ಕ್ಲೋರಿನ್ ನೀರು ಕುಡದ್ರ ಕ್ಯಾನ್ಸರ್ ಬರ್ತದಂತ ಮೊಬೈಲಿನಾಗ ಬಂದದ. ಆ ಪುಡಿ ಹಾಕೋದು ಬಂದ್ ಮಾಡಸ್ರಿ" ಅಂತ ಬಹಳ ಮಂದಿ ಹೇಳುತ್ತಿದ್ದಾರೆ. ಪಂಚಾಯತಿಗೆ ಅರ್ಜಿಯೂ ತಯಾರಾಗಿದೆ. ಅದರ ಮೇಲೆ ಸಂಘದ ಸದಸ್ಯರ ಸಹಿ ಬೇಕಂತೆ. ಸಹಿ ಹಾಕುವ ಮುಂಚೆ ಈ ಮಾತಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಅಂತ ನೋಡೋಣ.

ಪೂರ್ತಿ ಸುಳ್ಳು ಅನ್ನುವಂತಿಲ್ಲ. 1974ರಲ್ಲಿ ಹಾಲೆಂಡ್ ದೇಶದ ರಾಟರ್‌ಡ್ಯಾಮ್ ಪಟ್ಟಣದ ನೀರು ಸರಬರಾಜಿನಲ್ಲಿ ಕೆಲಸ ಮಾಡುತ್ತಿದ್ದ ರೂಕ್ ಎಂಬ ರಸಾಯನ ಶಾಸ್ತ್ರಜ್ಞರು ಒಂದು ಸಂಗತಿ ಪ್ರಕಟಿಸಿದರು. ಹೊಳೆಯ ನೀರಿನಲ್ಲಿ ಕೊಳೆತ ಎಲೆ, ಹುಲ್ಲು, ಪಾಚಿ ಇವುಗಳ ಅಂಶ ಕರಗಿರುತ್ತದೆ. ಅದಕ್ಕೆ ಕ್ಲೋರಿನ್ ಕೂಡಿದಾಗ ಕ್ಲೋರೋಫಾರಂ ಮೊದಲಾದ ಹೊಸ ಪದಾರ್ಥಗಳು ಹುಟ್ಟುತ್ತವೆ ಎಂಬುದೇ ಆ ಸಂಗತಿ. ಇವುಗಳಲ್ಲಿ ನಾಲ್ಕನ್ನು ಸೇರಿಸಿ ಟ್ರೈಹ್ಯಾಲೋಮೀಥೇನ್ ಅನ್ನುತ್ತಾರೆ. ಹೆಸರು ದೊಡ್ಡದು, ಅರ್ಥ ಸಣ್ಣದು: ಕ್ರಿಮಿ ಕೊಲ್ಲುವ ಔಷಧ ಕಸದ ಜೊತೆ ಕೂಡಿದಾಗ ಹುಟ್ಟುವ ಬೇಡದ ಕೂಸು. ನಾವು ಇದನ್ನು ಉಪ ಉತ್ಪನ್ನ ಅನ್ನೋಣ.

ಈ ಉಪ ಉತ್ಪನ್ನ ಹೆಚ್ಚಿರುವ ನೀರನ್ನು ಹತ್ತಾರು ವರ್ಷ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಬಸುರಿಯರ ಮೇಲೆ, ಕೂಸಿನ ತೂಕದ ಮೇಲೆ ಪರಿಣಾಮ ಇದೆಯೇ ಎಂಬ ಬಗ್ಗೆಯೂ ಅಧ್ಯಯನ ನಡೆದಿದೆ, ಅದಿನ್ನೂ ಖಚಿತವಾಗಿ ಸಾಬೀತಾಗಿಲ್ಲ. ಅದಕ್ಕೇ ಸರ್ಕಾರಗಳು ಮಿತಿ ಹಾಕಿವೆ. ಅಮೆರಿಕದಲ್ಲಿ 1979ರಲ್ಲಿ ನಾಲ್ಕೂ ಕೂಡಿ ಲೀಟರಿಗೆ 0.10 ಮಿಲಿಗ್ರಾಂ ಮೀರಬಾರದು ಎಂದು ನಿಯಮ ಮಾಡಿದರು, ನಂತರ ಅದನ್ನು 0.08ಕ್ಕೆ ಇಳಿಸಿದರು. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐ.ಎಸ್. 10500, 2012ರಲ್ಲಿ ಪರಿಷ್ಕಾರವಾದದ್ದು. ಅದರಲ್ಲಿ ಕ್ಲೋರೋಫಾರಂ ಲೀಟರಿಗೆ 0.2 ಮಿಲಿಗ್ರಾಂ, ಬ್ರೋಮೋಫಾರಂ 0.1, ಡೈಬ್ರೋಮೋಕ್ಲೋರೋಮೀಥೇನ್ 0.1, ಬ್ರೋಮೋಡೈಕ್ಲೋರೋಮೀಥೇನ್ 0.06 ಮೀರಬಾರದು ಎಂದಿದೆ. ಅಂದರೆ ಇದು ಮೊಬೈಲಿನವರು ಕಟ್ಟಿದ ಕಥೆ ಅಲ್ಲ, ಸರ್ಕಾರವೇ ಬರೆದಿಟ್ಟ ವಿಷಯ.

ಹಾಗಾದರೆ ಅರ್ಜಿಗೆ ಸಹಿ ಹಾಕಿಬಿಡೋಣವೇ? ತಡೀರಿ. ತಕ್ಕಡಿಗೆ ಎರಡು ತಟ್ಟೆ ಇರುತ್ತವೆ.

ಇಲ್ಲಿ ಕುಳಿತ ಹಿರಿಯರಿಗೆ ನಾರುಹುಣ್ಣು ನೆನಪಿರಬೇಕು. ಮೆಟ್ಟಿಲ ಬಾವಿಯ ನೀರು ಕುಡಿದವರ ಕಾಲಿನಿಂದ ಮೊಳದುದ್ದದ ಹುಳ ಹೊರಬರುತ್ತಿತ್ತು. ಬಿತ್ತನೆಯ ಹಂಗಾಮಿನಲ್ಲಿ ದುಡಿಯುವ ಆಳು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದ. ನಮ್ಮ ಹಿಂದಿನ ಗುಲ್ಬರ್ಗಾ ಜಿಲ್ಲೆಯ ಕಡೆಗೆ ಆ ಪೀಡೆ ಬಹಳ ಇತ್ತು. ಬಟ್ಟೆಯಲ್ಲಿ ನೀರು ಸೋಸಿ, ಮೆಟ್ಟಿಲ ಬಾವಿ ಮುಚ್ಚಿ, ಬಾವಿಗೆ ಔಷಧ ಹಾಕಿ, ಕೈಪಂಪು ಕೊಟ್ಟು ಅದನ್ನು ಓಡಿಸಿದರು. 1996ರ ನಂತರ ದೇಶದಲ್ಲಿ ಒಂದೂ ಪ್ರಕರಣ ಆಗಲಿಲ್ಲ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಮುಕ್ತವಾಯಿತು ಎಂದು ಸಾರಿತು. ನೀರು ಶುದ್ಧ ಮಾಡಿದರೆ ರೋಗ ಹೋಗುತ್ತದೆ ಅನ್ನುವುದಕ್ಕೆ ನಮ್ಮ ಹಿರಿಯರ ಕಾಲುಗಳೇ ಸಾಕ್ಷಿ.

ವಾಂತಿಭೇದಿ ಮಾತ್ರ ಹೋಗಿಲ್ಲ. 2022ರ ಬೇಸಿಗೆಯಲ್ಲಿ ಪಕ್ಕದ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಹೆಣ್ಣುಮಕ್ಕಳು ಜೀವ ಕಳೆದುಕೊಂಡರು, ಮೂವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಬಹಳ ಹಿಂದಿನ ಮಾತಲ್ಲ ಇದು, ಬಹಳ ದೂರದ ಮಾತೂ ಅಲ್ಲ.

ನಳದ ಪೈಪು ಗಟಾರದ ಪಕ್ಕದಲ್ಲೇ ಹಾಯ್ದು ಬರುತ್ತದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಒಡಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ಬಂದ್ ಮಾಡಿದ ಮೇಲೆ ಒತ್ತಡ ಇಳಿದು, ಅದೇ ಒಡಕಿನಿಂದ ಗಟಾರದ ನೀರನ್ನು ಪೈಪು ಒಳಗೆ ಜಗ್ಗಿಕೊಳ್ಳುತ್ತದೆ. ಮರುದಿನ ಮೊದಲ ಕೊಡಕ್ಕೆ ಅದೇ ಬರುತ್ತದೆ. ಟಾಕಿಯಲ್ಲಿ ಎಷ್ಟು ಶುದ್ಧ ಇದ್ದರೂ ದಾರಿಯಲ್ಲಿ ಕೆಡುವ ನೀರನ್ನು ಕಾಯುವುದು ನೀರಿನಲ್ಲಿ ಉಳಿದಿರುವ ಸ್ವಲ್ಪ ಕ್ಲೋರಿನ್. ಗಟಾರದ ನೀರು ಬಹಳ ಸೇರಿದರೆ ಅದರ ಕೈಯಲ್ಲೂ ಆಗುವುದಿಲ್ಲ, ಪೈಪು ರಿಪೇರಿ ಮಾಡಲೇಬೇಕು. ಆದರೆ ಕ್ಲೋರಿನ್ ಇಲ್ಲದ ನೀರಿಗೆ ಕಾವಲುಗಾರನೇ ಇಲ್ಲ.

ಈಗ ತಕ್ಕಡಿ ಹಿಡೀರಿ. ಒಂದು ತಟ್ಟೆಯಲ್ಲಿ ಮೂವತ್ತು ನಲವತ್ತು ವರ್ಷದ ಮೇಲೆ, ಕೆಲವರಿಗೆ ಬರಬಹುದಾದ ಅಪಾಯ. ಇನ್ನೊಂದು ತಟ್ಟೆಯಲ್ಲಿ ಮೂರು ದಿನದಲ್ಲಿ ಕೂಸನ್ನೂ ಮುದುಕಿಯನ್ನೂ ಒಯ್ಯುವ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಉಪ ಉತ್ಪನ್ನ ಕಡಿಮೆ ಮಾಡುವ ಪ್ರಯತ್ನ ಮಾಡಿರಿ, ಆದರೆ ಆ ನೆಪದಲ್ಲಿ ಕ್ರಿಮಿನಾಶಕ್ಕೆ ಮಾತ್ರ ಕೊರತೆ ಮಾಡಬೇಡಿರಿ. ಆದ್ದರಿಂದ ಪುಡಿ ಬಂದ್ ಮಾಡಿಸುವ ಅರ್ಜಿಗೆ ನಮ್ಮ ಸಂಘದ ಸಹಿ ಬೀಳಬಾರದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗಂತ ಈಗ ಹೇಗೆ ನಡೆದಿದೆಯೋ ಹಾಗೇ ನಡೆಯಲಿ ಅನ್ನುವುದೂ ತಪ್ಪು. ಒಂದು ದಿನ ಮೂಗು ಮುಚ್ಚುವಷ್ಟು ವಾಸನೆ, ಹತ್ತು ದಿನ ಏನೂ ಇಲ್ಲ, ಇದು ಶುದ್ಧೀಕರಣ ಅಲ್ಲ. ಹೊಲಕ್ಕೆ ಔಷಧ ಹೊಡೆಯುವಾಗ ನಾವು ಅಳತೆ ಮಾಡುತ್ತೇವೆ. ಕಡಿಮೆ ಆದರೆ ಹುಳ ಸಾಯುವುದಿಲ್ಲ, ಹೆಚ್ಚಾದರೆ ಪೈರು ಸುಡುತ್ತದೆ. ಕುಡಿಯುವ ನೀರಿಗೂ ಹಾಗೇ ಅಳತೆ ಬೇಕು.

ಅಳತೆ ಕಷ್ಟದ್ದಲ್ಲ. ಒಳ್ಳೆಯ ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. ತಿಳಿಯಾದ ನೀರಿಗೆ ಸಾವಿರ ಲೀಟರಿಗೆ ಅಂದಾಜು 2.5 ಗ್ರಾಂ ಪುಡಿ ಸಾಕು. 50 ಸಾವಿರ ಲೀಟರಿನ ಟಾಕಿಗೆ 125 ಗ್ರಾಂ ಆಯಿತು. ಪುಡಿಯನ್ನು ಹಾಗೇ ಟಾಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತೆ ನೀರು ಕೂಡಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟಾಕಿಗೆ ಹಾಕಿ, ಕನಿಷ್ಠ ಅರ್ಧ ತಾಸು, ಆದರೆ ಒಂದು ತಾಸು ಬಿಟ್ಟು ಆಮೇಲೆ ನಳಕ್ಕೆ ಬಿಡಬೇಕು. ಪುಡಿಯ ಚೀಲ ಬಾಯಿ ತೆರೆದು ಬಿಸಿಲಿಗೆ, ಹಸಿಗೆ ಇಟ್ಟರೆ ಅದರ ಸತ್ವ ಹಾರಿಹೋಗುತ್ತದೆ. ಸತ್ವ ಹೋದ ಪುಡಿ ಎಷ್ಟು ಹಾಕಿದರೂ ಸುಣ್ಣ ಹಾಕಿದಂತೆ.

ಸರಿಯಾಯಿತೋ ಇಲ್ಲವೋ ತಿಳಿಯುವುದು ಹೇಗೆ? ಊರ ಕೊನೆಯ ನಳದ ನೀರು ಹಿಡಿದು ಕ್ಲೋರೋಸ್ಕೋಪಿನಲ್ಲಿ ನೋಡಬೇಕು. ಔಷಧದ ಹನಿ ಅಥವಾ ಗುಳಿಗೆ ಹಾಕಿದರೆ ಬಣ್ಣ ಬರುತ್ತದೆ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿದರೆ ಆಯಿತು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂದು ಮಾನಕ ಹೇಳುತ್ತದೆ. ಟಾಕಿಯ ಕೆಳಗಿನ ನಳ ನೋಡಿದರೆ ಸಾಲದು, ಕೊನೆಯ ಮನೆಗೆ ತಲುಪಿತೇ ಅನ್ನುವುದೇ ಮುಖ್ಯ. ನಮ್ಮ ಊರುಗಳಲ್ಲಿ ಕೊನೆಯ ಓಣಿಯಲ್ಲಿ ಯಾರಿರುತ್ತಾರೆ ಅನ್ನುವುದು ನಿಮಗೆಲ್ಲ ಗೊತ್ತಿದೆ. ಆ ಓಣಿಯ ಹರವಿಯೂ ಊರಿನ ಹರವಿಯೇ.

ಇನ್ನು ಉಪ ಉತ್ಪನ್ನ ಕಡಿಮೆ ಮಾಡುವ ದಾರಿ. ಅದು ಹುಟ್ಟುವುದು ಕ್ಲೋರಿನ್ ಮತ್ತು ಕಸ ಎರಡೂ ಕೂಡಿದಾಗ ಅಂತ ಆಗಲೇ ಹೇಳಿದೆವು. ಕ್ಲೋರಿನ್ ಬಿಡುವಂತಿಲ್ಲ, ಆದ್ದರಿಂದ ಕಸ ತೆಗೆಯಬೇಕು. ಆಳದ ಬೋರಿನ ನೀರಿನಲ್ಲಿ ಎಲೆ-ಹುಲ್ಲಿನ ಅಂಶ ಸಾಮಾನ್ಯವಾಗಿ ಕಡಿಮೆ, ಅಲ್ಲಿ ಈ ಚಿಂತೆಯೂ ಕಡಿಮೆ. ಚಿಂತೆ ಇರುವುದು ಹೊಳೆ, ಕೆರೆ, ಕಾಲುವೆ ನೀರಿಗೆ. ನಮ್ಮ ಭಾಗದಲ್ಲಿ ಭೀಮಾ, ಕೃಷ್ಣಾ ಎರಡು ಹೊಳೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ಬಂದಿದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬರುತ್ತದೆ. ಕಾಲುವೆ ಬಂದ್ ಆದಾಗ ಕೆರೆಯಲ್ಲಿ ನಿಂತ ನೀರು ಹಸಿರುಗಟ್ಟುತ್ತದೆ. ಇಂಥ ನೀರಿಗೆ ನೇರವಾಗಿ ಪುಡಿ ಸುರಿದರೆ ಎರಡು ನಷ್ಟ: ಕಸವೇ ಕ್ಲೋರಿನ್ನನ್ನು ತಿಂದುಬಿಡುತ್ತದೆ, ಕ್ರಿಮಿ ಉಳಿಯುತ್ತದೆ, ಮೇಲಿಂದ ಉಪ ಉತ್ಪನ್ನವೂ ಹುಟ್ಟುತ್ತದೆ. ನೀರು ಬಿಸಿ ಇದ್ದಷ್ಟೂ, ಬಹಳ ಹೊತ್ತು ನಿಂತಷ್ಟೂ ಅದು ಹೆಚ್ಚು. ನಮ್ಮ ಬೇಸಿಗೆಯ ಬಿಸಿಲು ಹೇಳುವುದೇ ಬೇಡ.

ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು. ಮೊದಲು ಆಲಂ ಹಾಕಿ ರಾಡಿ ಕೂರಿಸುವುದು, ನಂತರ ಮರಳಿನ ಹಾಸಿನಲ್ಲಿ ಸೋಸುವುದು, ಕೊನೆಗೆ ಅಳತೆ ಮಾಡಿ ಕ್ಲೋರಿನ್. ಟಾಕಿಯ ತಳದ ಕೆಸರು ಕಾಲಕಾಲಕ್ಕೆ ತೆಗೆಯಬೇಕು, ಮುಚ್ಚಳ ಇರಬೇಕು, ತೊಳೆದ ದಿನಾಂಕವನ್ನು ಟಾಕಿಯ ಮೇಲೆ ಬರೆಯಬೇಕು. ಹಳೆಯ ಸೋಸುವ ಘಟಕ ಇದ್ದಲ್ಲಿ ಮರಳು ಬದಲಿಸಿ ಎಷ್ಟು ವರ್ಷವಾಯಿತು ಅಂತ ಕೇಳಬೇಕು. ವಾಸನೆ ಜಾಸ್ತಿ ಅಂತ ಬೈಯುವ ಬದಲು ಈ ಪ್ರಶ್ನೆಗಳನ್ನು ಕೇಳಿದರೆ ವಾಸನೆಯೂ ಇಳಿಯುತ್ತದೆ, ಅಪಾಯವೂ ಇಳಿಯುತ್ತದೆ. ಮನೆಯಲ್ಲಿ ವಾಸನೆ ತಡೆಯದವರು ನೀರು ಕುದಿಸಿ ಆರಿಸಿ ಕುಡಿಯಲಿ. ಕುದಿಸಿದರೆ ಕ್ರಿಮಿಯೂ ಸಾಯುತ್ತದೆ, ಕ್ಲೋರೋಫಾರಮ್ಮಿನಂಥವು ಬಹುಪಾಲು ಹಬೆಯೊಂದಿಗೆ ಹಾರಿಹೋಗುತ್ತವೆ. ಕುದಿಸುವಾಗ ಕಿಟಕಿ ತೆರೆದಿರಲಿ.

ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಇದೆಯಲ್ಲ, ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಘಟಕ ಚೆನ್ನಾಗಿ ನಡೆದರೆ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನು ತೊಳೆಯದೆ, ಲೋಟ ಅದ್ದಿ ನೀರು ತೆಗೆದರೆ ಅದೂ ಕೆಡುತ್ತದೆ. ಘಟಕದ ನೀರಿಗೂ ಪರೀಕ್ಷೆ ಬೇಕು.

ಇಷ್ಟಕ್ಕೆ ಮುಗಿಯಲಿಲ್ಲ. ಕ್ಲೋರಿನ್ನಿನ ಜಗಳದಲ್ಲಿ ನಾವು ಇನ್ನೊಂದು ಶತ್ರುವನ್ನು ಮರೆಯಬಾರದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ರುಚಿಯೂ ಇಲ್ಲ. ನಮ್ಮ ಸುರಪುರ ಸೀಮೆಯ ಮಂಗಳೂರು (ಕಡಲ ದಂಡೆಯ ಮಂಗಳೂರಲ್ಲ) ಹತ್ತಿರ ಬಂಗಾರದ ಗಣಿ ಇತ್ತು, 1994ರಲ್ಲಿ ನಿಂತಿತು. ಆ ಭಾಗದ ಕಿರದಳ್ಳಿ ತಾಂಡಾದ ಜನರಿಗೆ ಅಂಗೈ, ಅಂಗಾಲು ಒಡೆದು, ಮೈಮೇಲೆ ಕಲೆ ಬಿದ್ದು, ಹುಣ್ಣಾಗುತ್ತಿತ್ತು. ವಿಜ್ಞಾನಿಗಳು ಪರೀಕ್ಷೆ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಆ ಪ್ರದೇಶದ 59 ಕೊಳವೆ ಬಾವಿಗಳ ನೀರಿನಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಅಂದರೆ ಪಾಷಾಣ ಮಿತಿ ಮೀರಿತ್ತು. ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಒಂದು ಕಡೆ 303ರ ತನಕ ಇತ್ತು. ನೋಡಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಮೇಲೆ ಅದರ ಗುರುತು ಇತ್ತು. ಆ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಬ್ಲೀಚಿಂಗ್ ಪುಡಿಯಿಂದ ಪಾಷಾಣ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಫ್ಲೋರೈಡೂ ಹಾಗೇ, ಯೂರಿಯಾ ಹೆಚ್ಚು ಸುರಿದ ಹೊಲದ ಪಕ್ಕದ ಬಾವಿಯ ನೈಟ್ರೇಟೂ ಹಾಗೇ. ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ, ತಿಳಿದ ಮೇಲೆ ಆ ಬೋರು ಬಿಟ್ಟು ಬೇರೆ ನೀರು ತರಬೇಕು ಇಲ್ಲವೇ ಸರಿಯಾದ ಘಟಕ ಹಾಕಬೇಕು.

ಹಾಲಿಗೆ ಡಿಗ್ರಿ ಬೇರೆ, ಫ್ಯಾಟ್ ಬೇರೆ. ಹಾಗೇ ನೀರಿಗೆ ಒಂದೇ ಪರೀಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಉಳಿದ ಕ್ಲೋರಿನ್ ಪರೀಕ್ಷೆ ದಿನಾಲೂ ಊರಲ್ಲೇ ಆಗುವಂಥದ್ದು. ಕ್ರಿಮಿಯ ಪರೀಕ್ಷೆಗೆ ಸಣ್ಣ ಶೀಸೆ ಬರುತ್ತದೆ, ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರು ಕೆಟ್ಟಿದೆ ಎಂದು ಅರ್ಥ. ಫ್ಲೋರೈಡ್, ನೈಟ್ರೇಟ್ ಮೊದಲಾದವನ್ನು ಕಿಟ್ಟಿನಲ್ಲಿ ಅಂದಾಜು ನೋಡಬಹುದು. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಗೆ ಐದು ಮಂದಿ ಹೆಣ್ಣುಮಕ್ಕಳಿಗೆ ಈ ಕಿಟ್ಟಿನ ತರಬೇತಿ ಕೊಡಬೇಕು ಅಂತಿದೆ. ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮೊದಲು ಮತ್ತು ನಂತರ ಹೀಗೆ ಎರಡು ಸಲ ಕ್ರಿಮಿಯ ಪರೀಕ್ಷೆ ಪ್ರಯೋಗಾಲಯದಲ್ಲಿ ಆಗಬೇಕು.

ಉಪ ಉತ್ಪನ್ನದ ಪರೀಕ್ಷೆ ಕಿಟ್ಟಿನಲ್ಲಿ ಆಗುವುದಿಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ ಇರುವ ದೊಡ್ಡ ಪ್ರಯೋಗಾಲಯವೇ ಬೇಕು. ನೀರು ಕಳಿಸುವ ರೀತಿಯೂ ಬೇರೆ. ಪ್ಲಾಸ್ಟಿಕ್ ಬಾಟಲಿ ನಡೆಯುವುದಿಲ್ಲ. ಪ್ರಯೋಗಾಲಯದವರು ಕೊಡುವ ಕಂದು ಗಾಜಿನ ಶೀಸೆಯಲ್ಲಿ ಕ್ಲೋರಿನ್ ತಡೆಯುವ ಔಷಧ ಮೊದಲೇ ಹಾಕಿರುತ್ತಾರೆ, ಅದನ್ನು ತೊಳೆದು ಚೆಲ್ಲಬಾರದು. ಗಾಳಿಯ ಗುಳ್ಳೆ ಉಳಿಯದಂತೆ ತುಂಬಿ, ಬಿಗಿದು, ಬರ್ಫಿನಲ್ಲಿಟ್ಟು ಬೇಗ ಮುಟ್ಟಿಸಬೇಕು. ಗುಳ್ಳೆ ಇದ್ದರೆ ಇರುವ ಪದಾರ್ಥ ಹಾರಿ ಲೆಕ್ಕ ಕಡಿಮೆ ಬರುತ್ತದೆ. ಔಷಧ ಇಲ್ಲದಿದ್ದರೆ ದಾರಿಯಲ್ಲೇ ಹುಟ್ಟಿ ಲೆಕ್ಕ ಹೆಚ್ಚು ಬರುತ್ತದೆ. ಇದು ಖರ್ಚಿನ ಕೆಲಸ, ದಿನಾಲೂ ಮಾಡುವಂಥದ್ದಲ್ಲ. ಹೊಳೆ, ಕಾಲುವೆ ನೀರು ಕುಡಿಯುವ ಊರುಗಳಲ್ಲಿ ಕೊನೆಯ ನಳದಿಂದ ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಮಾಡಿಸಿದರೆ ನಮ್ಮ ಅಂಜಿಕೆ ನಿಜವೋ ಅಲ್ಲವೋ ಅಂಕಿಯಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಬಂಧುಗಳೇ, ಆ ಅರ್ಜಿಯನ್ನು ಹರಿಯುವುದು ಬೇಡ, ತಿದ್ದಿ ಬರೆಯೋಣ. "ಪುಡಿ ಬಂದ್ ಮಾಡಿರಿ" ಎಂಬ ಸಾಲು ತೆಗೆದು ಹೀಗೆ ಬರೆಯೋಣ: ಒಂದು, ಪುಡಿಯನ್ನು ಅಳತೆ ಮಾಡಿ ದಿನಾಲೂ ಹಾಕಿರಿ, ವಾಟರ್‌ಮ್ಯಾನ್‌ಗೆ ತಕ್ಕಡಿ, ಕ್ಲೋರೋಸ್ಕೋಪ್, ತರಬೇತಿ ಕೊಡಿರಿ. ಎರಡು, ಟಾಕಿ ಮತ್ತು ಸೋಸುವ ಘಟಕ ಸ್ವಚ್ಛ ಮಾಡಿರಿ, ಗಟಾರದ ಪಕ್ಕದ ಒಡಕು ಪೈಪು ಬದಲಿಸಿರಿ. ಮೂರು, ಕುಡಿಯುವ ನೀರಿನ ಎಲ್ಲ ಬೋರುಗಳ ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ವರದಿ ಗ್ರಾಮಸಭೆಯಲ್ಲಿ ಓದಿರಿ. ನಾಲ್ಕು, ಹೊಳೆ ನೀರಿನ ಉಪ ಉತ್ಪನ್ನದ ಪರೀಕ್ಷೆ ಮಾಡಿಸಿ ಲೆಕ್ಕ ತೋರಿಸಿರಿ. ಈ ಅರ್ಜಿಗೆ ಸಂಘದ ಪ್ರತಿಯೊಬ್ಬ ಸದಸ್ಯರೂ ಸಹಿ ಹಾಕಲಿ, ಮೊದಲ ಸಹಿ ನಮ್ಮದೇ ಇರಲಿ.

ಎಲ್ಲ ಭಾರ ಪಂಚಾಯತಿಯ ಮೇಲೆ ಹಾಕಿ ಕೂರುವುದು ಸಹಕಾರಿಗಳ ಲಕ್ಷಣ ಅಲ್ಲ. ಹಾಲಿನ ಫ್ಯಾಟ್ ಬರೆಯುವ ಹಲಗೆಯ ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕೋಣ. ದಿನಾ ಮುಂಜಾನೆ ಹಾಲು ತರುವವರಲ್ಲಿ ಕೊನೆಯ ಓಣಿಯ ಒಬ್ಬ ತಾಯಿ ತನ್ನ ನಳದ ನೀರು ಒಂದು ಲೋಟ ತರಲಿ. ನಮ್ಮ ಪರೀಕ್ಷಕರು ಹಾಲು ನೋಡಿದ ಮೇಲೆ ಎರಡು ನಿಮಿಷ ನೀರು ನೋಡಿ ಹಲಗೆಯ ಮೇಲೆ ಅಂಕಿ ಬರೆಯಲಿ. 0.2ಕ್ಕಿಂತ ಕಡಿಮೆ ಬಂದ ದಿನ ವಾಟರ್‌ಮ್ಯಾನ್‌ಗೆ ಸುದ್ದಿ ಮುಟ್ಟಲಿ, ಆ ದಿನ ಮನೆಮನೆಯಲ್ಲಿ ನೀರು ಕುದಿಸಲಿ. ಇದಕ್ಕೆ ಬೇಕಾದ ಸಾಮಾನಿನ ಖರ್ಚನ್ನು ಈ ಸಲದ ಲಾಭಾಂಶದಲ್ಲಿ ತೆಗೆದಿಡಬೇಕೆಂದು ಆಡಳಿತ ಮಂಡಳಿಯ ಮುಂದೆ ಠರಾವು ಇಡುತ್ತೇವೆ. ನೀವೆಲ್ಲ ಕೈ ಎತ್ತಿ ಬೆಂಬಲ ಕೊಡಬೇಕು.

ಅಂಜಿ ಪುಡಿ ನಿಲ್ಲಿಸಿದರೆ ಕೂಸು ಸಾಯುತ್ತದೆ. ಅಳತೆ ಇಲ್ಲದೆ ಸುರಿದರೆ ಮುಂದಿನ ಪೀಳಿಗೆಗೆ ತೊಂದರೆ. ಎರಡೂ ಬೇಡ. ಅಳೆದು ಹಾಕೋಣ, ಪರೀಕ್ಷೆ ಮಾಡಿ ಕುಡಿಯೋಣ.

ಜೈ ಸಹಕಾರ, ಜೈ ಕರ್ನಾಟಕ.